ಬೂದು ಕೋಟಿನ ತೋಳು

ಅತ್ತೆಯವರಿಗೆ ನಿಮ್ಮ ಸೊಸೆಯ ನಮಸ್ಕಾರ.

ಮಂಡಿನೋವು ಹೇಗಿದೆ? ನನಗೆ ಒಂದು ವಿಮಾ ಕಂಪನಿಯಲ್ಲಿ ಕೆಲಸ ಸಿಕ್ಕಿದೆ. ಅಲ್ಲಿ ಹೆಂಗಸರೂ ಕೋಟು ಹಾಕಲೇಬೇಕು. ಅಂಗಡಿಯಲ್ಲಿ ಬೆಲೆ ಕೇಳಿ, ಬಣ್ಣ ಹಿಡಿಸಲಿಲ್ಲ ಎಂಬಂತೆ ಮುಖ ಮಾಡಿಕೊಂಡು ಹೊರಗೆ ಬಂದೆ. ಆಮೇಲೆ ನಿಮ್ಮ ಮಗನ ಬೂದು ಕೋಟನ್ನು ದರ್ಜಿಯ ಹತ್ತಿರ ಒಯ್ದೆ.

ಸಿಟ್ಟು ಮಾಡಿಕೊಳ್ಳದೆ ಪೂರ್ತಿ ಓದಿ. ಅವರು ತೀರಿಕೊಂಡ ಮೇಲೆ, "ಅವನ ಬಟ್ಟೆಗೆ ಕತ್ತರಿ ತಾಗಿಸ್ಬೇಡ" ಎಂದು ನೀವು ಹೇಳಿದ್ದು ನೆನಪಿದೆ. ದರ್ಜಿ ಕತ್ತರಿ ಎತ್ತಿಕೊಂಡಾಗ ನಾನೇ ತಡೆದೆ.

"ಕತ್ತರಿಸ್ಬೇಡಿ, ಒಳಗೆ ಮಡಚಿ ಹೊಲೀರಿ."

"ತೋಳು ದಪ್ಪ ಕಾಣುತ್ತಮ್ಮಾ," ಎಂದು ಗೊಣಗಿದರು. ಕಾಣಲಿ, ಯಾರಪ್ಪನ ಗಂಟು ಹೋಗುತ್ತದೆ!

ಮೊದಲ ದಿನವೇ ಪಕ್ಕದ ಮೇಜಿನವಳು, "ಎಷ್ಟು ಚೆನ್ನಾಗಿದೆ, ಎಲ್ಲಿ ತಗೊಂಡ್ರಿ?" ಎಂದು ಕೇಳಿದಳು. "ಮನೇಲೇ ಇತ್ತು" ಎಂದೆ. ಗುಂಡಿ ಹಾಕುವುದು ಮಾತ್ರ ತಡವಾಗುತ್ತಿದೆ. ದಿನಾ ಎದುರು ನಿಂತು ಅವರಿಗೆ ಹಾಕಿ ರೂಢಿಯಾದ ಕೈ, ನನ್ನದೇ ಮೈಮೇಲೆ ತಡವರಿಸುತ್ತದೆ.

ಇರುವುದೊಂದೇ ಕೋಟು, ಒಗೆದರೆ ಮಾರನೇ ದಿನಕ್ಕೆ ಗತಿಯಿಲ್ಲ. ನಿಮ್ಮ ಬೀರುವಿನಲ್ಲಿರುವ ಅವರ ಕಪ್ಪು ಕೋಟನ್ನು ಕಳಿಸಿಕೊಡುತ್ತೀರಾ? ಅದಕ್ಕೂ ಕತ್ತರಿ ತಾಗಿಸುವುದಿಲ್ಲ. ನಿಮಗೆ ನೋಡಬೇಕು ಅನಿಸಿದ ದಿನ ತಿಳಿಸಿ, ತಂದು ನಿಮ್ಮೆದುರಿಗೇ ಹೊಲಿಗೆ ಬಿಚ್ಚುತ್ತೇನೆ. ತೋಳು ಮತ್ತೆ ನಿಮ್ಮ ಮಗನ ಕೈಯಷ್ಟೇ ಉದ್ದವಾಗುತ್ತದೆ.

ಇಂತಿ,
ನಿಮ್ಮ ಸೊಸೆ