ಸದ್ದಿಲ್ಲದ ಪಾದ

ಹೊಸೂರು ಕಡೆಯ ತಳಿ ಊರಿನ ಪಕ್ಕದ ನಮ್ಮ ಮನೆಯಿಂದ,
ಭಾನುವಾರ, 5-1-2025

ಪ್ರೀತಿಯ ಬೈರಮ್ಮ,

ಪ್ರೀತಿಯ ಎಂದು ಬರೆದದ್ದನ್ನು ನೋಡಿ ಬಾಯಿಗೆ ಸೆರಗು ಅಡ್ಡ ಹಿಡಿದು ನಗಬೇಡ. ಪತ್ರ ಬರೆಯುವಾಗ ಹೀಗೇ ಶುರು ಮಾಡಬೇಕು ಎಂದು ನಮ್ಮ ಕನ್ನಡ ಶಾಲೆಯ ಮೇಷ್ಟ್ರು ಕಲಿಸಿದ್ದರು. ಮದುವೆಯಾಗಿ ಇಷ್ಟು ವರ್ಷಕ್ಕೆ ಆ ಪಾಠ ಇವತ್ತು ಉಪಯೋಗಕ್ಕೆ ಬಂತು. ನಿನ್ನ ಸೊಂಟ ಹೇಗಿದೆ? ದಿನಾ ಹಂಡೆ ನೀರು ಕಾಯಿಸಿ, ಕಾಲು ಚಾಚಿ ಕುಳಿತು ಮಗುವಿಗೆ ಎರೆದು ಎರೆದು ಹಿಡಿದುಕೊಂಡಿರುತ್ತದೆ. ಬಾಯಿಬಿಟ್ಟು ಹೇಳುವವಳು ನೀನಲ್ಲ, ನಾನೇ ತಿಳಿದುಕೊಳ್ಳಬೇಕು. ಮಾಲಾಗೆ ಊಟ ಸೇರುತ್ತಿದೆಯೇ? ಬಾಣಂತಿ ಪಥ್ಯ ಎಂದು ಮಗಳಿಗೆ ಬರೀ ಬೆಳ್ಳುಳ್ಳಿ ಸಾರು ಬಡಿಸಿ ಸಾಯಿಸಬೇಡ, ಅವಳು ಮೊದಲೇ ಸಣಕಲಿ. ಅಳಿಯಂದಿರಿಗೆ ರಾತ್ರಿ ಪಾಳಿ ಮುಗಿಯಿತೇ? ನನ್ನ ಮೊಮ್ಮಗಳು ಈಗ ಮುಖ ನೋಡಿ ನಗುತ್ತಾಳೆ ಎಂದು ಫೋನಿನಲ್ಲಿ ಹೇಳಿದೆಯಲ್ಲ, ಅದು ನಿಜವಾದ ನಗುವೋ, ಹೊಟ್ಟೆಯಲ್ಲಿ ಗಾಳಿ ಸೇರಿದ್ದೋ ಸರಿಯಾಗಿ ನೋಡು.

ಫೋನ್ ಇರುವಾಗ ಕಾಗದ ಯಾಕೆ ಎಂದು ಕೇಳುತ್ತೀ. ಫೋನಿನಲ್ಲಿ ನೀನು ಸ್ಪೀಕರ್ ಹಾಕುತ್ತೀ, ಬಾಗಲೂರಿನ ಬೀಗರ ಮನೆಯವರೆಲ್ಲ ಸುತ್ತ ಕುಳಿತು ಕೇಳುತ್ತಾರೆ, ನಾನು ಹಸು ಕರು ಚೆನ್ನಾಗಿವೆ ಎಂದು ಹೇಳಿ ಇಟ್ಟುಬಿಡುತ್ತೇನೆ. ಇದು ನಿನಗೊಬ್ಬಳಿಗೇ ಹೇಳುವ ಮಾತು. ಮಾಲಾ ತಮಿಳು ಶಾಲೆಯಲ್ಲಿ ಓದಿದವಳು, ಕನ್ನಡ ಮಾತಾಡುತ್ತಾಳೆ ಹೊರತು ಓದಲಾರಳು, ಆದ್ದರಿಂದ ಈ ಪತ್ರಕ್ಕೆ ಬೀಗ ಹಾಕಬೇಕಾಗಿಲ್ಲ. ಕನ್ನಡಕ ಹಾಕಿಕೊಂಡು ನೀನೇ ಓದು. ಪಕ್ಕದ ಮನೆ ಕೊಂಡಮ್ಮಕ್ಕನ ಮಗ ಮುನೀಂದ್ರ ಆ ಕಡೆಯೇ ಫ್ಯಾಕ್ಟರಿಗೆ ಹೋಗುತ್ತಾನಲ್ಲ, ಅವನ ಕೈಯಲ್ಲಿ ಕೊಟ್ಟು ಕಳಿಸುತ್ತೇನೆ. ಇಲ್ಲಿ ರಾಗಿ ಕಣ ಮುಗಿಯಿತು, ಮೂಟೆ ಒಳಗೆ ಬಂತು. ಅವರೆ ಹೂವು ಕಾಯಿ ಎರಡೂ ಹೊತ್ತು ನಿಂತಿದೆ, ಸೊಗಡು ಮನೆಯೊಳಗೆಲ್ಲ ಬರುತ್ತದೆ. ನೀನಿಲ್ಲದೆ ಯಾರು ಬಿಡಿಸಿ ಸಾರು ಮಾಡಬೇಕು? ನಾನು ಮಾಡಿದ ಸಾರನ್ನು ಹಸುವೂ ಮೂಸಿ ನೋಡಿ ಮುಖ ತಿರುಗಿಸಿತು.

ಹೋದ ವರ್ಷ ಇದೇ ಸುಗ್ಗಿಯ ಹೊತ್ತಿನಲ್ಲಿ ಆದದ್ದು ನಿನಗೆ ಗೊತ್ತಿರುವುದೇ. ಸಂಜೆ ಹಾಲು ಕರೆಯಲು ಹೋಗಿದ್ದೆ, ಒಂಟಿ ಸಲಗ ಬಂದು ಕೊಟ್ಟಿಗೆಯ ತಗಡಿನ ಶೀಟು ಕಿತ್ತೆಸೆಯಿತು. ನಾನು ನೀರಿನ ತೊಟ್ಟಿಯ ಹಿಂದೆ ಮುದುಡಿ ಕುಳಿತಿದ್ದೆ. ಊರ ಹುಡುಗರು ಪಟಾಕಿ ಹೊಡೆದು ಅದನ್ನು ಓಡಿಸಿದರು. ಮೈಮೇಲೆ ಒಂದು ಗೀರೂ ಇರಲಿಲ್ಲ, ನೀನು ಗಣಪತಿ ಗುಡಿಯಲ್ಲಿ ಕಾಯಿ ಒಡೆಸಿದೆ. ಆದರೆ ಆ ತಗಡಿನ ಸದ್ದು ನನ್ನೊಳಗೆ ಉಳಿದುಕೊಂಡಿತು. ಯಾರ ಮನೆಯ ಕುಕ್ಕರ್ ಕೂಗಿದರೂ ಎದೆ ಡವಡವ ಅನ್ನುವುದು, ಬೆವರು ಕಿತ್ತುಕೊಳ್ಳುವುದು, ಉಸಿರು ಅರ್ಧಕ್ಕೇ ನಿಲ್ಲುವುದು. ಕೈ ನಡುಗುವುದಂತೂ ನೀನು ದಿನಾ ನೋಡಿದ್ದೀಯ. ಅರಣ್ಯ ಇಲಾಖೆಯವರು ಫೋನಿನಲ್ಲಿ ಒಂದು ಗುಂಪು ಮಾಡಿದ್ದಾರಲ್ಲ, ಉದ್ದನಪಲ್ಲಿ ಕಡೆ ಒಂದು ಆನೆ ಹಿಂಡು, ಕಾಡಂಚಿನಲ್ಲಿ ಇನ್ನೊಂದು ಎಂದು ಬರುತ್ತಲೇ ಇರುತ್ತದೆ. ತುತ್ತಿಗೊಂದು ಸಲ ಅದನ್ನು ನೋಡುತ್ತಿದ್ದೆ. ಬಂದಿದೆ ಎಂದರೂ ಹೆದರಿಕೆ, ಏನೂ ಬಂದಿಲ್ಲವೆಂದರೆ ಇನ್ನೂ ಹೆದರಿಕೆ. ನರದಲ್ಲಿ ದೋಷವೇನಿಲ್ಲ, ಗಾಬರಿ ಮೈಯಲ್ಲಿ ಕೂತಿದೆ ಎಂದು ಹೊಸೂರಿನ ಡಾಕ್ಟರು ಮಾತ್ರೆ ಬರೆದರು. ಗಾಳಿ ಸೋಕಿದೆ ಎಂದು ನೀವೆಲ್ಲ ಸೇರಿ ಕಪ್ಪು ದಾರ ಕಟ್ಟಿಸಿದಿರಿ. ಆ ದಾರವೂ ಕೈ ಜೊತೆ ನಡುಗಿತು.

ಮಾಲಾಳ ಹೆರಿಗೆಯಾದ ದಿನ ಆಸ್ಪತ್ರೆಯಲ್ಲಿ ಸಹಿ ಹಾಕಲು ಹೋಗಿ ಪೆನ್ನು ಕೆಳಗೆ ಬೀಳಿಸಿದೆನಲ್ಲ, ಏಳನೇ ಕ್ಲಾಸು ಓದಿದವನು ಹೆಬ್ಬೆಟ್ಟು ಒತ್ತಿದೆ. ಅದನ್ನು ತಡೆದುಕೊಂಡೆ. ಆಮೇಲೆ ನರ್ಸಮ್ಮ ಬಿಳಿ ಬಟ್ಟೆಯಲ್ಲಿ ಸುತ್ತಿದ ಮಗುವನ್ನು ತಂದು ತಾತನಿಗೆ ಕೊಡಿ ಎಂದಳು. ಕೈ ಚಾಚಿದೆ. ಎರಡು ಕೈಯೂ ಜರಡಿಯಂತೆ ಆಡತೊಡಗಿದವು. ನೀನು ನಡುವೆ ಬಂದು, "ತಡೀರಿ, ಕೈ ನಿಲ್ಲಾಗಂಟ ಬ್ಯಾಡ" ಎಂದು ಮಗುವನ್ನು ಎತ್ತಿಕೊಂಡೆ. ನೀನು ಮಾಡಿದ್ದು ಸರಿ, ನಿನ್ನ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ. ನಾನು ಟೀ ಕುಡಿಯಲು ಹೋದೆ ಎಂದು ನೀವು ಅಂದುಕೊಂಡಿರಿ. ಟೀ ಅಂಗಡಿಯವರೆಗೆ ಹೋಗಲಿಲ್ಲ ಬೈರಮ್ಮ, ಮೆಟ್ಟಿಲ ಕೆಳಗೆ ಗೋಡೆ ಕಡೆ ಮುಖ ಮಾಡಿ ನಿಂತಿದ್ದೆ. ಚೊಚ್ಚಲ ಬಾಣಂತನ ತವರಿನಲ್ಲಿ ಆಗಬೇಕಾದದ್ದು, ಮಗಳು ಅತ್ತೆ ಮನೆಗೇ ಹೋದಳು, ಹಿಂದೆ ನೀನೂ ಹೋದೆ. ತವರು ಮನೆ ಇತ್ತು, ತೊಟ್ಟಿಲೂ ಇತ್ತು. ನನ್ನ ಕೈ ಸರಿಯಿರಲಿಲ್ಲ, ಅಷ್ಟೇ.

ಇನ್ನು ಹೊಸ ಸುದ್ದಿ. ಕೊಂಡಮ್ಮಕ್ಕನ ಮೊಣಕಾಲಿಗೆ ವ್ಯಾಯಾಮ ಮಾಡಿಸಲು ಸರ್ಕಾರದ ಕಡೆಯಿಂದ ಒಬ್ಬ ಹುಡುಗಿ ಮನೆಗೇ ಬರುತ್ತಾಳೆ. ಚಂದ್ರಲೇಖಾ ಅಂತ, ಕೃಷ್ಣಗಿರಿ ಕಡೆಯವಳು, ತಮಿಳಿನವಳು. ನಾನು ಗೋಡೆಗೆ ಒರಗಿ ತಮಾಷೆ ನೋಡುತ್ತಿದ್ದೆ. "ಏನಣ್ಣ, ನೋಡ್ತಾ ನಿಂತಿದೀಯಾ, ಬಾ, ನೀನೂ ಕೈಕಾಲು ಆಡ್ಸು. ಯಾರೂ ನಿಂಗೆ ಇನ್ನೊಂದು ಮದ್ವೆ ಮಾಡ್ಸಲ್ಲ" ಎಂದಳು ಕೊಂಡಮ್ಮಕ್ಕ. ಹೋದೆ. ಆ ಹುಡುಗಿ ಕಲಿಸಿದ್ದೇನು ಗೊತ್ತೇ? ನಿಲ್ಲುವುದನ್ನು, ನಡೆಯುವುದನ್ನು! ಉಸಿರು ಎಳೆದುಕೊಳ್ಳುತ್ತ ಕೈ ಮೇಲೆ ಎತ್ತಬೇಕು, ಬಿಡುತ್ತ ಇಳಿಸಬೇಕು. ಆಮೇಲೆ ಒಂದು ಪಾದ ಎತ್ತಿ ಮೊದಲು ಹಿಮ್ಮಡಿ, ಆಮೇಲೆ ಅಂಗಾಲಿನ ಅಂಚು, ಕಡೆಗೆ ಬೆರಳು ಊರಬೇಕು. ಭಾರವೆಲ್ಲ ಆ ಕಾಲಿಗೆ ಇಳಿದ ಮೇಲೇ ಇನ್ನೊಂದು ಕಾಲು. ನೆಲ ತಣ್ಣಗಿದೆಯೋ, ಕಲ್ಲಿದೆಯೋ, ಅದನ್ನು ಕಾಲು ಹೇಳಬೇಕು, ತಲೆ ಸುಮ್ಮನಿರಬೇಕು. ಅರವತ್ತು ದಾಟಿದವನಿಗೆ ನಡಿಗೆ ಕಲಿಸುತ್ತಾಳಲ್ಲ ಎಂದು ಒಳಗೊಳಗೇ ನಕ್ಕೆ. ಮೊಮ್ಮಗಳಿಗಿಂತ ಮೊದಲು ನಾನೇ ನಡೆಯಲು ಕಲಿಯುವ ಹಾಗಾಯಿತು. ನಾನು ಅವಸರ ಮಾಡಿದಾಗಲೆಲ್ಲ ಅವಳು "ಮೆದುವಾ ತಾತಾ, ಮೆದುವಾ" ಎನ್ನುವಳು, ನಿಧಾನ ನಿಧಾನ ಎಂದು. ನನ್ನ ಹೆದರಿಕೆಯ ವಿಷಯ ಕೊಂಡಮ್ಮಕ್ಕ ಅವಳಿಗೆ ಊದಿಬಿಟ್ಟಿದ್ದಳು, ಅವಳ ಬಾಯಿ ನಿನಗೆ ಗೊತ್ತಲ್ಲ. ಆ ಹುಡುಗಿ ನಗಲಿಲ್ಲ. "ಭಯಂ ವಂದಾ ವರಟ್ಟುಂ ತಾತಾ, ಕಾಲು ಎಂಗ ಇರುಕ್ಕುನ್ನು ಪಾರುಂಗ" ಎಂದಳು. ಹೆದರಿಕೆ ಬಂದರೆ ಬರಲಿ, ಆಗ ಕಾಲು ಎಲ್ಲಿದೆ ನೋಡಿಕೊಳ್ಳಿ ಎಂದು.

ಮೊದಮೊದಲು ಏನೂ ಆಗಲಿಲ್ಲ, ಸುಳ್ಳು ಯಾಕೆ ಹೇಳಲಿ. ಇದೆಲ್ಲ ಕೆಲಸವಿಲ್ಲದವರ ಆಟ ಎಂದು ಬಿಟ್ಟೂ ಬಿಟ್ಟಿದ್ದೆ. ಆದರೆ ನೀನಿಲ್ಲದ ಮನೆಯಲ್ಲಿ ಬೆಳಗ್ಗೆ ಎದ್ದು ಮಾಡುವುದೇನು? ಫೋನನ್ನು ರಾಗಿ ಡಬ್ಬದೊಳಗೆ ಇಟ್ಟು ಅವರೆ ಹೊಲದ ಬದುವಿನ ಮೇಲೆ ಬರಿಗಾಲಲ್ಲಿ ನಡೆಯತೊಡಗಿದೆ. ಮಂಜು ಬಿದ್ದ ಹುಲ್ಲು ಹೇಗೆ ಕಚ್ಚುತ್ತದೆ ಎಂದರೆ ಬೇರೆ ಯೋಚನೆಗೆ ಜಾಗವೇ ಇರುವುದಿಲ್ಲ. ಇಷ್ಟು ವರ್ಷ ಇದೇ ಬದುವಿನ ಮೇಲೆ ಗೊಬ್ಬರ ಹೊತ್ತು, ಸೊಪ್ಪು ಹೊತ್ತು ಓಡಾಡಿದ್ದೇನೆ, ಅದು ನಡುವೆ ಒಂದು ಕಡೆ ಮೆತ್ತಗಿದೆ, ಹಲಸಿನ ಮರದ ಹತ್ತಿರ ಬೆಚ್ಚಗಿದೆ ಎಂದು ಈಗ ತಿಳಿಯಿತು. ಒಂದು ದಿನ ಕೊಂಡಮ್ಮಕ್ಕನ ಮನೆ ಕುಕ್ಕರ್ ಕೂಗಿತು. ಎದೆ ಹಾರಿತು, ಹಾರಿದ್ದು ಹಾಗೇ ತಾನಾಗಿ ಇಳಿಯಿತು. ಅವತ್ತು ಲೋಟದ ಟೀ ಚೆಲ್ಲದೆ ಬಾಯಿಗೆ ಬಂತು. ಈ ಸುದ್ದಿಯನ್ನು ಹಸುವಿಗೆ ಬಿಟ್ಟು ಬೇರೆ ಯಾರಿಗೂ ಹೇಳಲಿಲ್ಲ.

ಮೊನ್ನೆ ಶುಕ್ರವಾರ ಬೆಳಗ್ಗೆ ಆದದ್ದನ್ನು ಹೇಳುವುದಕ್ಕೇ ಇಷ್ಟೆಲ್ಲ ಬರೆದೆ. ಕೈ ಚಾಚಿದರೆ ಕೈ ಕಾಣದಷ್ಟು ಮಂಜು. ಬದುವಿನ ಮೇಲೆ ಹೆಜ್ಜೆ ಹೆಜ್ಜೆಯಾಗಿ ಹಲಸಿನ ಮರದ ಹತ್ತಿರ ಹೋದೆ. ಮಂಜು ಒಂದಿಷ್ಟು ಸರಿಯಿತು, ಮರದಾಚೆ ಬಂಡೆ ಕಂಡಿತು. ನಮ್ಮ ಹೊಲದಲ್ಲಿ ಬಂಡೆ ಎಲ್ಲಿಂದ ಬಂತು ಎಂದುಕೊಳ್ಳುವಷ್ಟರಲ್ಲಿ ಬಂಡೆಯ ಕಿವಿ ಅಲುಗಿತು. ತಾಯಿ ಆನೆ ಬೈರಮ್ಮ, ಅದರ ಹೊಟ್ಟೆಯ ಕೆಳಗೆ ಮರಿ. ಎಲ್ಲೋ ಮೇಯ್ದು ಕಾಡಿಗೆ ಹಿಂತಿರುಗುತ್ತಿದ್ದವು. ಅದೇ ಬೆವರು, ಅದೇ ಡವಡವ. ಓಡು ಓಡು ಎಂದಿತು ತಲೆ. ಆಗ ಆ ಹುಡುಗಿಯ ಮಾತು ಬಂತು. ಕಾಲು ಎಲ್ಲಿದೆ ಎಂದು ಕೇಳಿಕೊಂಡೆ. ಎಡಗಾಲು ಒದ್ದೆ ಹುಲ್ಲಿನ ಮೇಲಿತ್ತು, ಬಲಗಾಲ ಕೆಳಗೆ ಒಂದು ಸಣ್ಣ ಕಲ್ಲಿತ್ತು. ಎರಡೂ ಅಲ್ಲೇ ಇದ್ದವು, ಓಡಿಹೋಗಿರಲಿಲ್ಲ. ಉಸಿರು ಬಿಟ್ಟೆ.

ಆಗ ಕಣ್ಣು ಬಿಟ್ಟು ನೋಡಿದೆ. ಆಕೆ ಮುಂಗಾಲು ಎತ್ತಿದಳು. ಎತ್ತಿ ಗಾಳಿಯಲ್ಲೇ ಒಂದು ಗಳಿಗೆ ತಡೆದಳು. ಪಾದದ ತುದಿಯಿಂದ ಬದುವಿನ ಮಣ್ಣನ್ನು ಮುಟ್ಟಿ ನೋಡಿದಳು, ಗಟ್ಟಿಯಿದೆ ಎಂದು ತಿಳಿದ ಮೇಲೆ ಭಾರ ಇಟ್ಟಳು. ನೀನು ರಾಗಿ ರೊಟ್ಟಿ ತಟ್ಟುವಾಗ ಹಿಟ್ಟು ಅಗಲವಾಗುತ್ತದಲ್ಲ, ಹಾಗೆ ಆ ಪಾದ ನೆಲದ ಮೇಲೆ ಅಗಲವಾಯಿತು. ಸದ್ದೇ ಇಲ್ಲ! ನಮ್ಮ ಕೊಟ್ಟಿಗೆಯಷ್ಟು ದೊಡ್ಡ ಜೀವ ನಡೆಯುತ್ತಿದೆ, ನನಗೆ ಕೇಳಿಸಿದ್ದು ಅವರೆ ಎಲೆಯಿಂದ ಹನಿ ಉದುರುವ ಸದ್ದು ಮಾತ್ರ. ಇಷ್ಟು ದಿನ ನಾನು ಕಷ್ಟಪಟ್ಟು ಕಲಿತ ನಡಿಗೆಯನ್ನು ಆಕೆ ಹುಟ್ಟಿನಿಂದಲೇ ನಡೆಯುತ್ತಿದ್ದಾಳೆ. ನನ್ನನ್ನು ಹೆದರಿಸಿದ್ದು ಇದೇ ಕುಲದ್ದು ಎಂದು ನಂಬಲಾಗಲಿಲ್ಲ. ಸೊಂಡಿಲೆತ್ತಿ ನನ್ನ ಕಡೆಯ ಗಾಳಿ ಮೂಸಿದಳು, ಕಿವಿ ಅಗಲಿಸಿದಳು. ನಾನು ಬೆರಳೂರಿ, ಹಿಮ್ಮಡಿಯೂರಿ ಒಂದೊಂದೇ ಹೆಜ್ಜೆ ಹಿಂದಕ್ಕೆ ಇಟ್ಟೆ. ಮರಿ ಬದು ಹತ್ತಲಾರದೆ ಜಾರಿತು. ಆಕೆ ನನ್ನನ್ನು ಬಿಟ್ಟು ಅದರ ಕಡೆ ತಿರುಗಿ, ಅದರ ಬೆನ್ನ ಹಿಂದೆ ಸೊಂಡಿಲು ಇಟ್ಟು, ಅದು ತಾನಾಗಿ ಹತ್ತುವವರೆಗೆ ಕಾದಳು. ಅಷ್ಟು ಬಲ ಇದ್ದವಳು ಎತ್ತಿ ಆಚೆ ಹಾಕಬಹುದಿತ್ತು. ಹಾಕಲಿಲ್ಲ, ಕಾದಳು. ಆಮೇಲೆ ಎರಡೂ ಮಂಜಿನೊಳಗೆ ಹೋದವು.

ನಾನು ಕೊಟ್ಟಿಗೆ ಗೋಡೆ ಮುಟ್ಟಿದ ಮೇಲೆ ಅಲ್ಲೇ ಕುಳಿತು ಅತ್ತೆ. "ಏನಣ್ಣ, ಬೆಳ್ಬೆಳಗ್ಗೆ ನೆಲದ ಮ್ಯಾಲೆ ಕುಂತ್ಬುಟ್ಟಿದೀಯಾ" ಎಂದು ಕೊಂಡಮ್ಮಕ್ಕ ಓಡಿ ಬಂದಳು. "ದೊಡ್ಡೋರು ಹೋದ್ರು ಕಣಕ್ಕಾ" ಎಂದೆ. ನಮ್ಮವ್ವ ಹೊಲದಲ್ಲಿ ನಿಂತು ಎಂದೂ ಆನೆ ಎಂದವಳಲ್ಲ, ದೊಡ್ಡೋರು ಎನ್ನುತ್ತಿದ್ದಳು. ಅದು ಮುದುಕಿಯರ ಹೆದರಿಕೆ ಎಂದುಕೊಂಡಿದ್ದೆ, ಅದು ಮರ್ಯಾದೆ. ಇಲಾಖೆಯವರಿಗೆ ಫೋನ್ ಮಾಡಿ ತಿಳಿಸಿದೆ, ಅವೆರಡೂ ಹಿಂಡಿನ ಜೊತೆ ದೊಡ್ಡ ಕಾಡು ಸೇರಿದವು ಎಂದು ಸಂಜೆ ಹೇಳಿದರು. ಬಿಸಿಲು ಬಂದ ಮೇಲೆ ಹೋಗಿ ನೋಡಿದರೆ ಬದುವಿನ ಮೇಲೆ ಆಕೆಯ ಹೆಜ್ಜೆ ಹಾಗೇ ಇತ್ತು, ತಳದಲ್ಲಿ ನೀರು ಜಿನುಗಿತ್ತು. ಅದರೊಳಗೆ ನನ್ನ ಎರಡೂ ಪಾದ ಇಟ್ಟು ನಿಂತೆ. ಇನ್ನೂ ಜಾಗವಿತ್ತು.

ಹೆದರಿಕೆ ಹೋಯಿತು ಎಂದು ತಿಳಿಯಬೇಡ. ನಿನ್ನೆ ಯಾರೋ ಪಟಾಕಿ ಹೊಡೆದರು, ಅನ್ನದ ತಟ್ಟೆ ಬಿಟ್ಟು ಎದ್ದುಬಿಟ್ಟೆ. ಎದ್ದವನು ನಿಂತೆ, ಉಸಿರು ಬಿಟ್ಟೆ, ಮತ್ತೆ ಕುಳಿತು ಉಂಡೆ. ಮೊದಲಾಗಿದ್ದರೆ ಆ ತಟ್ಟೆ ಹಾಗೇ ಹಸುವಿಗೆ ಹೋಗುತ್ತಿತ್ತು. ಮಾತ್ರೆ ತಪ್ಪದೆ ನುಂಗುತ್ತಿದ್ದೇನೆ, ಡಾಕ್ಟರು ಸಾಕು ಎನ್ನುವವರೆಗೆ ನುಂಗುತ್ತೇನೆ, ಅದಕ್ಕೆ ಬೈಯಬೇಡ. ಹುಡುಗಿ ಚಂದ್ರಲೇಖಾಗೆ ಆನೆಯ ವಿಷಯ ಹೇಳಿದರೆ ಕಣ್ಣರಳಿಸಿ ಕೇಳಿ, ಇನ್ನು ಮೇಲೆ ಮಂಜಿನಲ್ಲಿ ಹೊಲಕ್ಕೆ ಹೋಗಬೇಡಿ ಎಂದು ಗದರಿದಳು. ಈಗ ಅಂಗಳದಲ್ಲೇ ನಡೆಯುತ್ತೇನೆ.

ಮಾಲಾ, ಅಳಿಯಂದಿರು, ಬೀಗರು ಎಲ್ಲರೂ ನಗುನಗುತ್ತ ಇರಲಿ ಎಂದು ನಮ್ಮ ಗಣಪತಿಯನ್ನು ಕೇಳಿಕೊಂಡಿದ್ದೇನೆ. ನಿನ್ನ ಸೊಂಟಕ್ಕೆ ಹರಳೆಣ್ಣೆ ಬಿಸಿ ಮಾಡಿ ಹಚ್ಚಿಕೋ. ಮಗುವಿನ ಅಂಗಾಲಿಗೆ ನನ್ನ ಲೆಕ್ಕದಲ್ಲಿ ಒಂದು ಮುತ್ತು ಕೊಡು.

ನಿನ್ನ ದಾರಿ ನೋಡುತ್ತಿರುವ,
ವೆಂಕಟರಮಣಪ್ಪ

ಮತ್ತೊಂದು ಮಾತು: ಮುನೀಂದ್ರ ಬೈಕ್ ಸ್ಟಾರ್ಟ್ ಮಾಡಿಕೊಂಡು ಬಾಗಿಲಲ್ಲಿ ಕೂಗುತ್ತಿದ್ದಾನೆ, ಬೇಗ ಬರೆದು ಮುಗಿಸುತ್ತೇನೆ. ಇದನ್ನು ಯಾರ ಕೈಲಿ ಬರೆಸಿದರು ಎಂದು ಮೊದಲ ಸಾಲಿನಿಂದಲೂ ನೀನು ಯೋಚಿಸುತ್ತಿರುತ್ತೀ. ಮುನೀಂದ್ರನಿಗೆ ಕನ್ನಡ ಬರೆಯಲು ಬಾರದು, ಕೊಂಡಮ್ಮಕ್ಕನಿಗೆ ಯಾವ ಭಾಷೆಯೂ ಬರೆಯಲು ಬಾರದು. ನಾನೇ ಬರೆದೆ ಬೈರಮ್ಮ, ಪೆನ್ನು ಒಂದು ಸಲವೂ ಕೆಳಗೆ ಬೀಳಲಿಲ್ಲ. ಆನೆಯ ಪಾದದ ವಿಷಯ ಬರೆದ ಕಡೆ ಮಾತ್ರ ಅಕ್ಷರ ಅಲುಗಿವೆ, ಅದು ಹೆದರಿ ಅಲ್ಲ. ತೊಟ್ಟಿಲು ಇಳಿಸಿ ತೊಳೆದು ಬಿಸಿಲಿಗೆ ಇಟ್ಟಿದ್ದೇನೆ. ಸಂಕ್ರಾಂತಿಗೆ ಮೂವರೂ ಬನ್ನಿ, ತಳಿ ಬಸ್ ಸ್ಟ್ಯಾಂಡಿನಲ್ಲಿ ನಿಂತಿರುತ್ತೇನೆ. ಬಸ್ಸಿನ ಮೆಟ್ಟಿಲ ಮೇಲಿಂದಲೇ ಮೊದಲು ಮಗುವನ್ನು ನನ್ನ ಕೈಗೆ ಕೊಡು. ಚೀಲ ಆಮೇಲೆ.