ಅತ್ತೆ ಕಟ್ಟಿದ ಗಂಟು

ದಿ. ೩-೧-೧೯೫೫, ಸೋಮವಾರ. ಮಧ್ಯಾಹ್ನ

ಎರಡು ಸೀರೆಗೆ ಸೆರಗಿನ ಕೊಂಡಿ ಕೂಡಿಸಿದೆ. ಮೈಯ ನೂಲಿನ ಎಳೆ, ಸೆರಗಿನ ರೇಷ್ಮೆ ಎಳೆ — ಒಂದರೊಳಗೊಂದು ಸಿಕ್ಕಿಸುತ್ತ ಕೂಡುವುದು. ಬಗ್ಗಿದರೆ ಹೊಟ್ಟೆ ತೊಡೆಗೆ ತಾಗುತ್ತದೆ. ಎಂಟು ತಿಂಗಳು ತುಂಬಿತು. ಹಳೇ ಗಾಯ ಎಳೆಯುತ್ತದೆ.

ಸೂಲಗಿತ್ತಿ ಹುಚ್ಚವ್ವ ಬಂದಿದ್ದಳು. ಹೊಟ್ಟೆ ಮುಟ್ಟಿ ನೋಡಿ, ಕೂಸು ತಲೆ ಕೆಳಗೆ ಮಾಡಿದೆ, ಈ ಸಲ ದವಾಖಾನೆ ಯಾಕೆ ಅಂದಳು. ಅತ್ತೆಗೆ ಅಷ್ಟೇ ಬೇಕಿತ್ತು. ಅದೇ ಪುರಾಣ ಶುರು... ಮೂರು ವರ್ಷದ ಹಿಂದೆ ಶಾಂತಾ ಹುಟ್ಟುವಾಗ ಗದಗಿನಲ್ಲಿ ನನ್ನ ಹೊಟ್ಟೆ ಕೊಯ್ದದ್ದು. ಅಲ್ಲಿ ಕುರಿಯ ಕರುಳಿನ ದಾರದಿಂದ ಹೊಲಿಯುತ್ತಾರೆಂದು ಯಾರೋ ಹೇಳಿದ್ದು. ಕೊರಳಲ್ಲಿ ಲಿಂಗ ಇದ್ದವರ ಮೈಯೊಳಗೆ ಕುರಿಕರುಳೇ ಎಂದು, ಟಾಂಗಾ ಹತ್ತಿಸುವಾಗ ಅತ್ತೆ ಮನೆಯ ರೇಷ್ಮೆ ಎಳೆಯನ್ನು ಒಂದು ಲಡಿ ಸುತ್ತಿ, ಗಂಟು ಹಾಕಿ ಮಗನ ಕೈಗೆ ಕೊಟ್ಟದ್ದು. ಡಾಕ್ಟರು ಅದನ್ನೇ ಹಾಕಿ ಹೊಲಿದದ್ದು. ಓಣಿಗೆಲ್ಲ ಬಾಯಿಪಾಠ. ಕೊನೆಗೆ ಅತ್ತೆಯ ತೀರ್ಪು:

"ಸೀರಿ ಹರೀತೈತಿ, ಸೆರಗಿನ ಕೊಂಡಿ ಹರಿಯಂಗಿಲ್ಲ. ನಮ್ಮ ರೇಷ್ಮಿ ಐತಿ ಆಕಿ ಹೊಟ್ಟ್ಯಾಗ. ಹೆರಿಗಿ ಮನ್ಯಾಗ ಆಗಲಿ."

ತಲೆಯಾಡಿಸಿದೆ. ಅದೊಂದು ವಿದ್ಯೆಯಲ್ಲಿ ನಾನು ಫಸ್ಟ್ ಕ್ಲಾಸ್.

ದಿ. ೪-೧-೫೫

ಇಲ್ಲಾದರೂ ಖರೇ ಬರೆಯುತ್ತೇನೆ. ಆ ಲಡಿ ನನ್ನ ಟ್ರಂಕಿನ ತಳದಲ್ಲಿದೆ. ಗಂಟು ಕೂಡ ಬಿಚ್ಚಿಲ್ಲ.

ಮೇಲಿನ ಹೊಲಿಗೆ ತೆಗೆದ ದಿನ ನರ್ಸಬಾಯಿ ಅದನ್ನು ನನ್ನ ಕೈಗೆ ತುರುಕಿದಳು. ಒಳಗೆ ಗರ್ಭಚೀಲಕ್ಕೆ ಹಾಕಿದ್ದು ಕ್ಯಾಟಗಟ್. ಎಂದರೆ ಅದೇ, ಕುರಿಕರುಳು. ಡಾಕ್ಟರು ನಮ್ಮವರ ಸಮಾಧಾನಕ್ಕೆ ಹೂಂ ಅಂದಿದ್ದರಂತೆ. "ರೇಷ್ಮಿ ಒಳಗ ಕರಗಂಗಿಲ್ಲವ್ವಾ. ಕೀವು ಹಿಡದ್ರ ಬಿಡಂಗಿಲ್ಲ. ಇದಾದ್ರ ಮಾಂಸ ಕೂಡೂತನಾ ಹಿಡಕೊಂಡಿದ್ದು, ಆಮ್ಯಾಲೆ ತಾನ ಕರಗಿ ಹೋಗತೈತಿ," ಅಂದಳು. ಇನ್ನೊಂದು ಮಾತನ್ನು ಡಾಕ್ಟರೇ ಹೇಳಿದ್ದರು — ಉದ್ದಕ್ಕೆ ಕೊಯ್ದಿದ್ದೇವೆ, ಮುಂದಿನ ಸಲ ಹೆರಿಗೆ ಬ್ಯಾನೆ ಶುರುವಾಗುವ ಮೊದಲೇ ಬರಬೇಕು. ಇಲ್ಲವಾದರೆ ಗಾಯ ಇದ್ದಲ್ಲೇ ಹರಿದೀತು. ತಾಯಿಯೂ ಉಳಿಯುವುದಿಲ್ಲ, ಕೂಸೂ ಉಳಿಯುವುದಿಲ್ಲ.

ಈಗ ಒಳಗೆ ರೇಷ್ಮೆಯೂ ಇಲ್ಲ, ಕರುಳ ದಾರವೂ ಇಲ್ಲ. ಅತ್ತೆ ನಂಬಿ ಕೂತಿರುವ ಎಳೆ ಟ್ರಂಕಿನಲ್ಲಿ ಮಲಗಿದೆ.

ಅಂದೇ ಹೇಳಿದ್ದರೆ ಆಗುತ್ತಿತ್ತು. ಹಸಿ ಬಾಣಂತಿ, ಬಾಯಿ ಬರಲಿಲ್ಲ. ಈ ಮನೆಯ ಹೊಸ್ತಿಲೊಳಗೆ ತತ್ತಿ ಕೂಡ ಬರುವುದಿಲ್ಲ. ಮೂರು ವರ್ಷ ಆ ಸುಳ್ಳಿಗೆ ಅನ್ನ ಹಾಕಿ ಸಾಕಿದೆ.

ದಿ. ೯-೧-೫೫, ರವಿವಾರ

ಇವರಿಗೆ ಹೇಳಿದೆ. ಮಗ್ಗದ ಕುಣಿಯಲ್ಲಿ ಕೂತಿದ್ದರು. ಲಾಳಿ ನಿಂತಿತು.

"ಅವ್ವಗ ಹೇಳಬ್ಯಾಡ. ಮೂರು ವರ್ಸ ನೀ ಮಾಡಿದ ಅಡಗಿ ಲಿಂಗಕ್ಕ ತೋರಿಸಿ ಉಂಡಾಳ. ಆಕಿ ತಡಕೊಳ್ಳಂಗಿಲ್ಲ."

ನಾನು ತಡಕೊಳ್ಳಬಹುದು. ಅದು ಯಾರ ತಲೆಗೂ ಹೊಳೆಯುವುದಿಲ್ಲ.

ಆಮೇಲೆ ಒಂದು ಉಪಾಯ ಹೇಳಿದರು. ನರೇಗಲ್ಲಿನಲ್ಲಿ ನನ್ನ ಅಪ್ಪನಿಗೆ ಜಡ್ಡು ಎಂದು ಹೇಳಿ ಕರೆದೊಯ್ಯುವುದು, ಅಲ್ಲಿಂದ ಹಾಗೇ ಗದಗ. ನಾಳೆಯೇ ಅವ್ವನ ಮುಂದೆ ಮಾತು ತೆಗೆಯುತ್ತೇನೆ ಅಂದರು.

ದಿ. ೨೦-೧-೫೫

ನಾಳೆ ಹತ್ತು ಸಲ ಬಂದು ಹೋಯಿತು. ನಿನ್ನೆ ಕೊನೆಗೂ ಬಾಯಿ ಬಿಟ್ಟರು. ತುಂಬಿದ ಬಸುರಿ ಹಳ್ಳ ದಾಟಬಾರದು, ಬೀಗರಿಗೆ ಜಡ್ಡಾದರೆ ನೀನೇ ಹೋಗಿ ಬಾ ಅಂದರು ಅತ್ತೆ. ಇವರು ಹೂಂ ಅಂದರು. ಅವ್ವನ ಮುಂದೆ ಇವರ ನಾಲಿಗೆ ಲಾಳಿಯ ಹಾಗೆ, ಅತ್ತ ಹೋದದ್ದು ಇತ್ತ ಬರುತ್ತದೆ.

ಇಮಾಮಸಾಬನ ಟಾಂಗಾ ದಿನಾ ಮುಂಜಾನೆ ನಮ್ಮ ಮನೆ ಮುಂದೆಯೇ ಮೋಟಾರ್ ಸ್ಟ್ಯಾಂಡಿಗೆ ಹೋಗುತ್ತದೆ. ಹತ್ತಿ ಕೂತರಾಯಿತು. ಶಾಂತಾಳನ್ನು ಕರೆದುಕೊಂಡೋ, ಬಿಟ್ಟೋ? ಹಾಗೆ ಹೋದವಳು ಮತ್ತೆ ಈ ಹೊಸ್ತಿಲು ಹತ್ತುವುದು ಹೇಗೆ?

ಅಂಜಿಕೆ ಆಗುತ್ತದೆ. ಭಾಳ ಅಂಜಿಕೆ. ಸಾಯಲು ಮನಸ್ಸಿಲ್ಲ ನನಗೆ.

ದಿ. ೩೧-೧-೫೫. ಸಂಜೆ

ಮುಂಜಾನೆ ಗಾಯದ ಹತ್ತಿರ ಚುರಕ್ ಅಂತು. ಎರಡು ಸಲ. ಬ್ಯಾನೆಯಲ್ಲ, ಆದರೂ ಕಾಯಲಿಲ್ಲ. ಟ್ರಂಕ್ ತೆಗೆದೆ. ಅತ್ತೆ ಕಟ್ಟೆಯ ಮೇಲೆ ನೂಲು ಸುತ್ತುತ್ತಿದ್ದರು. ಲಡಿಯನ್ನು ಅವರ ಉಡಿಯಲ್ಲಿಟ್ಟೆ.

ಅವರ ಕಣ್ಣು ಈಗ ಮಂಜು. ಬೆರಳಿನಿಂದ ಗಂಟು ಹುಡುಕಿದರು. ತಮ್ಮದೇ ಗಂಟು. ಗುರುತು ಹಿಡಿಯಲು ಕಣ್ಣು ಬೇಕಾಗಲಿಲ್ಲ.

ಎಲ್ಲ ಹೇಳಿದೆ. ಒಂದೇ ಕೇಳಿದರು.

"ಆ ದಾರ ಕರಗೇತಿ, ಖರೇ?"

"ಖರೇರಿ ಅತ್ತಿ."

"ಹಂಗಾರ ಈಗ ಒಳಗ ಏನೂ ಇಲ್ಲ."

"ಏನೂ ಇಲ್ರಿ."

ಲಡಿ ತೆಗೆದುಕೊಂಡು ಒಳಗೆ ಹೋದರು.

ದಿ. ೨-೨-೫೫

ಎರಡು ದಿನದಿಂದ ಅಡಿಗೆಮನೆಗೆ ಹೋಗುವ ಹಾಗಿಲ್ಲ. ರೊಟ್ಟಿ ಪಡಸಾಲೆಗೆ ಬರುತ್ತದೆ. ಅತ್ತೆಯೇ ಬಡಿಯುತ್ತಾರೆ, ಕೆಮ್ಮುತ್ತ. ನನ್ನೊಡನೆ ಮಾತಿಲ್ಲ. ಗದಗಿನ ಸುದ್ದಿಯೂ ಇಲ್ಲ. ಮರ್ಯಾದೆಯೂ ಹೋಯಿತು, ದಾರಿಯೂ ತೆರೆಯಲಿಲ್ಲ. ಶಾಂತಾ ಬಂದು, ಅವ್ವಾ ನೀ ಯಾಕ ಹೊರಗ ಕುಂತಿ ಅಂದಳು. ಅತ್ತುಬಿಟ್ಟೆ.

ದಿ. ೩-೨-೫೫. ಮುಂಜಾನೆ

ಟಾಂಗಾ ಬಾಗಿಲಲ್ಲಿ ನಿಂತಿದೆ! ಅತ್ತೆಯೇ ಹೇಳಿ ಕಳಿಸಿದ್ದಂತೆ. ಶಾಂತಾಳನ್ನು ತಾವು ನೋಡಿಕೊಳ್ಳುತ್ತಾರಂತೆ. ಕಾಲು ಮುಟ್ಟಲು ಹೋದೆ. ಹಿಂದೆ ಸರಿದು ನಿಂತು, ಇವರ ಕೈಗೆ ಲಡಿ ಕೊಟ್ಟರು. ಗಂಟು ಬಿಚ್ಚಿದ್ದರು.

"ಮೊಳ ಹಾಕಿ ಅಳದ ಇಟ್ಟೀನಿ. ಈ ಸಲ ನಮ್ಮದ ಹಾಕಬೇಕು. ಉಳದದ್ದು ತಂದು ನನ್ನ ಕೈಯಾಗ ಕೊಡು. ಕಮ್ಮಿ ಆಗಿಲ್ಲಂದ್ರ ಆಕಿ ತವರಮನ್ಯಾಗ ಇರಲಿ."

ಇವರು ಹೂಂ ಅಂದರು. ಮತ್ತೇನು ಅಂದಾರು.

ದಿ. ೪-೨-೫೫. ಗದಗ, ದವಾಖಾನೆ. ಹತ್ತು ಗಂಟೆ

ಬ್ಯಾನೆ ಇನ್ನೂ ಇಲ್ಲ. ವೇಳೆಗೆ ಸರಿಯಾಗಿ ಬಂದೆ ಅಂದರು ಡಾಕ್ಟರು. ಇನ್ನು ಸ್ವಲ್ಪ ಹೊತ್ತಿಗೆ ಆಪರೇಶನ್. ಒಳಗೆ ನಿಮ್ಮ ದಾರವನ್ನೇ ಹಾಕಿರಿ, ನನ್ನ ಮೈ ನನ್ನದು ಅಂದೆ. ಬಾಯಿಂದ ಬಂದೇಬಿಟ್ಟಿತು. ಅವರು ನಕ್ಕರು. ಇವರು ನಗಲಿಲ್ಲ.

ಈಗ ಮಂಚದ ಹತ್ತಿರವೇ ಕೂತಿದ್ದಾರೆ. ಲಡಿ ತೊಡೆಯ ಮೇಲೆ. ಅವ್ವನೆದುರು ಇವರ ಸುಳ್ಳು ಎಂದೂ ನಿಂತದ್ದಿಲ್ಲ. ಲಡಿಯನ್ನೇ ನೋಡುತ್ತಿದ್ದಾರೆ... ನೋಡುತ್ತಲೇ ಇದ್ದಾರೆ.

ಎದ್ದರು. ನರ್ಸಬಾಯಿಯ ಹತ್ತಿರ ಕತ್ತರಿ ಕೇಳಿ ತಂದರು. ಲಡಿಯ ತುದಿ ಹಿಡಿದು ಮೊಳ ಹಾಕುತ್ತ, ನನ್ನ ಮುಖ ನೋಡದೆ ಕೇಳಿದರು —

"ಎಷ್ಟು ಕತ್ತರಿಸಿದ್ರ ಅವ್ವ ನಂಬ್ಯಾಳು?"

ಎರಡು ಮೊಳ ಅಂದೆ. ಕತ್ತರಿಸಿದರು. ಆಪರೇಶನ್ನಿಗೆ ಕರೆಯಲು ಬಂದರು, ಏಳಬೇಕು. ಉಳಿದದ್ದು ಆಮೇಲೆ...