ಅಜ್ಜನ ಲಾಂಡ್ರಿಗೆ ಬಿದ್ದ ಅರವತ್ತೊಂದು ಓಟು

ನಿನ್ನ ಅಂಗಡಿಯ ಮೆಟ್ಟಿಲು,
ಭಾನುವಾರ, ೯ ಮಾರ್ಚ್, ಬೆಳಗ್ಗೆ ಹತ್ತೂವರೆ

ಪ್ರೀತಿಯ ಅಜ್ಜಾ,

ಹೇಗಿದ್ದೀಯ? ಸೊಂಟದ ಆಪರೇಷನ್ ನೋವು ಕಡಿಮೆಯಾಯಿತಾ? ರಾತ್ರಿ ನಿದ್ದೆ ಬರುತ್ತಾ? ವಾಕರ್ ಹಿಡಿದುಕೊಂಡು ನಡೆಯುತ್ತಿದ್ದೀಯೋ, ಇಲ್ಲ ಅದನ್ನು ಬಟ್ಟೆ ಒಣಹಾಕೋಕೆ ಇಟ್ಟುಕೊಂಡು ಗೋಡೆ ಹಿಡಿದು ನಡೆಯುತ್ತಿದ್ದೀಯೋ? ಅತ್ತೆ ಕಳಿಸಿದ ಫೋಟೋದಲ್ಲಿ ವಾಕರ್ ಮೇಲೆ ಎರಡು ಟವೆಲ್ ಇದ್ದವು. ಅಂಚಿಗೆ ಅಂಚು ಕೂಡಿಸಿ ಹಾಕಿದ ರೀತಿ ನೋಡಿದ ತಕ್ಷಣ ಅದು ಯಾರ ಕೈ ಅಂತ ಗೊತ್ತಾಯಿತು, ನನ್ನ ಹತ್ತಿರ ಸುಳ್ಳು ನಡೆಯಲ್ಲ. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಅಪ್ಪನಿಗೆ ಕೆಮ್ಮು ಕಡಿಮೆಯಾಗಿದೆ, ಅಮ್ಮನಿಗೆ ಕೋಪ ಕಡಿಮೆಯಾಗಿಲ್ಲ. ನನ್ನ ಪರೀಕ್ಷೆ ಮುಗಿಯಿತು, ಹೇಗೆ ಬರೆದೆ ಅಂತ ಮಾತ್ರ ಕೇಳಬೇಡ.

ಫೋನ್ ಮಾಡೋದು ಬಿಟ್ಟು ಇವಳು ಕಾಗದ ಯಾಕೆ ಬರೆದಳು ಅಂತ ನಿನಗೆ ಅನ್ನಿಸುತ್ತೆ. ಫೋನಿನಲ್ಲಿ ನಿನಗೆ ಅರ್ಧ ಕೇಳಿಸಲ್ಲ, ಕೇಳಿಸಿದ ಅರ್ಧಕ್ಕೂ ನೀನು "ಆಯ್ತಮ್ಮ, ಹಂಗೇ ಮಾಡಿ, ಇಡ್ಲಾ" ಅಂದುಬಿಡ್ತೀಯ. ಹೋದ ವರ್ಷ ನಾನು ತಲೆ ಬೋಳಿಸಿಕೊಳ್ಳಲಾ ಅಂತ ಕೇಳಿದಾಗಲೂ ಹಂಗೇ ಮಾಡು ಅಂದಿದ್ದೆ. ಈ ಸಲ ಅಷ್ಟು ಬೇಗ ಆಯ್ತು ಅನ್ನಬಾರದು. ವಿಷಯ ನಿನ್ನ ಲಾಂಡ್ರಿಯದು. ಮನೆಯಿಲ್ಲದವರು ರಾತ್ರಿ ಮಲಗೋಕೆ ಒಂದು ಆಶ್ರಯ ಕೇಂದ್ರ ಮಾಡಬೇಕು, ಅದನ್ನು ನಿನ್ನ ಅಂಗಡಿಯಲ್ಲಿ ಮಾಡೋಣ ಅಂತ ಬೀದಿಯವರೆಲ್ಲ ಕೇಳುತ್ತಿದ್ದಾರೆ. ಕೇಳೋ ಹಾಗೆ ಮಾಡಿದ್ದು ನಾನು. ಬೈಯೋದಿದ್ದರೆ ಪೂರ್ತಿ ಓದಿ ಆಮೇಲೆ ಬೈ.

ಬಸ್ ನಿಲ್ದಾಣದ ಹಿಂದೆ ರಟ್ಟು ಹಾಸಿಕೊಂಡು ಮಲಗ್ತಾರಲ್ಲ, ಅವರು ಈಗ ಹನ್ನೊಂದು ಜನ ಆಗಿದ್ದಾರೆ. ಹಾಸಿಗೆ, ದೀಪ, ಕಾವಲಿಗೆ ಒಬ್ಬರು, ಎಲ್ಲ ನಾವು ಕೊಡ್ತೀವಿ, ಜಾಗ ನೀವು ತೋರಿಸಿ ಅಂತ ನಗರಸಭೆಯ ಅಧಿಕಾರಿ ಬಂದು ಹೇಳಿದರು. ಈ ತಿಂಗಳು ಹದಿನೈದರೊಳಗೆ ಜಾಗ ಹೇಳದಿದ್ದರೆ ಅದು ಬೇರೆ ಊರಿಗೆ ಹೋಗುತ್ತೆ. ಮೂರು ಜಾಗ ಇದ್ದವು. ನೀರಿನ ಟ್ಯಾಂಕ್ ಪಕ್ಕದ ಶೆಡ್, ಮಾರ್ಕೆಟ್ ಮೇಲಿನ ಹಾಲ್, ಶಾಲೆ ಹಿಂದಿನ ಗೋದಾಮು. ಬೀದಿಯ ವಾಟ್ಸಾಪ್ ಗುಂಪಿಗೆ ನಾನೇ ಅಡ್ಮಿನ್ ಅಲ್ಲವಾ, ದೊಡ್ಡ ಮನುಷ್ಯಳ ಹಾಗೆ ಓಟಿಗೆ ಹಾಕಿದೆ. ಟ್ಯಾಂಕ್ ಕಡೆಯವರೆಲ್ಲ ಮಾರ್ಕೆಟ್ಟಿಗೆ ಒತ್ತಿದರು, ಮಾರ್ಕೆಟ್ಟಿನವರು ಗೋದಾಮಿಗೆ, ಗೋದಾಮಿನವರು ಟ್ಯಾಂಕಿಗೆ. ಆಶ್ರಯ ಬೇಡ ಅಂದವರು ಒಬ್ಬರೂ ಇಲ್ಲ ಅಜ್ಜಾ, ಎಲ್ಲರಿಗೂ ಬೇಕು, ಪಕ್ಕದ ಬೀದಿಯಲ್ಲಿ ಬೇಕು. ಎರಡು ದಿನ ಗುಂಪಿನಲ್ಲಿ ಬರೀ ಕೈಮುಗಿಯುವ ಚಿತ್ರ ಹಾಕಿಕೊಂಡೇ ಜಗಳ ಆಡಿದರು. ನನಗೆ ತಲೆ ಕೆಟ್ಟು ಮತ್ತೆ ಓಟಿಗೆ ಹಾಕಿದೆ, ತಮಾಷೆಗೆ ಅಂತ ನಾಲ್ಕನೆಯದಾಗಿ "ಅಜ್ಜನ ಲಾಂಡ್ರಿ" ಅಂತ ಸೇರಿಸಿ, ಆಮೇಲೆ ಅಳಿಸಿದರಾಯಿತು ಅಂದುಕೊಂಡು ಊಟಕ್ಕೆ ಹೋದೆ. ಕೈ ತೊಳೆದುಕೊಂಡು ಬಂದು ನೋಡಿದರೆ ಅರವತ್ತೊಂದು ಓಟು. ಎದುರಿಗೆ ಬಸ್ ಡಿಪೋ ಗೋಡೆ, ಅಕ್ಕಪಕ್ಕ ಮನೆ ಇಲ್ಲ, ಯಜಮಾನರು ಊರಲ್ಲಿ ಇಲ್ಲ. ಬೇಡ ಅನ್ನೋಕೆ ನೀನು ಗುಂಪಿನಲ್ಲೂ ಇಲ್ಲ. ನಿನ್ನನ್ನು ತೆಗೆದಿದ್ದೂ ನಾನೇ, ಇಸ್ತ್ರಿ ಮಾಡುವಾಗ ಜೇಬಲ್ಲಿದ್ದ ಫೋನು ಒತ್ತಿಕೊಂಡು ನಿನ್ನ ಗುನುಗು ರೆಕಾರ್ಡ್ ಆಗಿ ದಿನಾ ನಾಲ್ಕೈದು ಸಲ ಎಲ್ಲರಿಗೂ ಹೋಗುತ್ತಿತ್ತು ಅಂತ. ಈಗ ಆ ಗುನುಗು ಹುಡುಕಿ ಹುಡುಕಿ ಕೇಳ್ತೀನಿ, ಅದು ಬೇರೆ ವಿಷಯ.

ಬುಧವಾರ ಸಂಜೆ ಶಾಲೆಯಲ್ಲಿ ಸಭೆ ಕರೆದರು. ಮೆಡಿಕಲ್ ಶಾಪಿನವರು ಬಂದಿದ್ದರು, ಪ್ಯಾಂಟಿಗೆ ಎರಡೆರಡು ಗೆರೆ ಬಂದರೆ ಬಟ್ಟೆ ವಾಪಸ್ ಕೊಡುತ್ತಿದ್ದರಲ್ಲ, ನೀನು ಡಬಲ್ ಗೆರೆ ಅಂತ ಹೆಸರಿಟ್ಟವರು. "ನಮ್ಗೇನು ಅಭ್ಯಂತರ ಇಲ್ಲ ಕಣ್ರೀ, ಆದ್ರೆ ನಮ್ದು ವ್ಯಾಪಾರದ ಬೀದಿ" ಅಂದರು. ನಿವೃತ್ತ ಹೆಡ್‌ಮಿಸ್ ಎದ್ದು, "ನಮ್ದು ಮಕ್ಳು ಓಡಾಡೋ ಬೀದಿ" ಅಂದರು. ಅದಕ್ಕೆ ಟೈಲರ್ ಮಾವ, "ಹಂಗಾದ್ರೆ ಒಂದ್ ಕೆಲ್ಸ ಮಾಡಿ, ಯಾರೂ ನಡೀದೇ ಇರೋ ಬೀದಿ ಒಂದು ಹೊಲ್ಕೊಡ್ತೀನಿ, ಅಳತೆ ಕೊಡಿ" ಅಂತ ಕೂತಲ್ಲಿಂದಲೇ ಹೇಳಿದರು. ಎಲ್ಲರೂ ನಕ್ಕರು. ನಗು ಮುಗಿಯುವ ಮುಂಚೆ ಡಬಲ್ ಗೆರೆ, "ಲಾಂಡ್ರಿನೇ ಸರಿ ಬಿಡಿ, ಯಜಮಾನ್ರು ಇನ್ನೆಲ್ಲಿ ಬರ್ತಾರೆ" ಅಂದುಬಿಟ್ಟರು. ನಿನ್ನ ಅಭಿಮಾನಿ ಸಂಘಕ್ಕೆ ಅಧ್ಯಕ್ಷೆ, ಕಾರ್ಯದರ್ಶಿ, ಸದಸ್ಯೆ ಎಲ್ಲ ನಾನೊಬ್ಬಳೇ ತಾನೇ, ಸುಮ್ಮನೆ ಇರೋಕಾಗುತ್ತಾ? ಎದ್ದು ನಿಂತು, "ಬರ್ತಾರೆ ಅಂಕಲ್, ಮುಂದಿನ ತಿಂಗಳೇ ಬರ್ತಾರೆ, ನಿಮ್ಮ ಪ್ಯಾಂಟು ರೆಡಿ ಇಟ್ಕೊಂಡಿರಿ" ಅಂದೆ. ಪಕ್ಕದಲ್ಲಿದ್ದ ಅಮ್ಮ ನನ್ನ ಕೈ ಹಿಡಿದು ಕೂರಿಸಿದಳು. ಬೈಯಲಿಲ್ಲ. ಅಮ್ಮ ಬೈಯದೇ ಇದ್ದರೆ ಏನೋ ಇದೆ ಅಂತಲೇ ಅರ್ಥ.

ಆಗ ಹಿಂದಿನ ಬೆಂಚಿನಿಂದ ಒಬ್ಬಳು ಹೆಂಗಸು ಎದ್ದಳು. ಆಸ್ಪತ್ರೆ ಕ್ಯಾಂಟೀನಿನಲ್ಲಿ ಲೋಟ ತೊಳೆಯುವ ಅಕ್ಕ, ನಿನಗೂ ಮುಖ ಪರಿಚಯ ಇರುತ್ತೆ, ಯಾವಾಗಲೂ ಕೈಯಲ್ಲಿ ನೀಲಿ ಬ್ಯಾಗು. ಆ ಹನ್ನೊಂದು ಜನರಲ್ಲಿ ಅವಳೂ ಒಬ್ಬಳು ಅಂತ ನಮಗೆ ಯಾರಿಗೂ ಗೊತ್ತಿರಲಿಲ್ಲ. "ಬೇಗ ತೀರ್ಮಾನ ಮಾಡಿ, ನಂಗೆ ಬೆಳಗ್ಗೆ ಐದೂವರೆಗೆ ಡ್ಯೂಟಿ" ಅಂದಳು. ನಿಮಗೆ ಎಲ್ಲಿ ಆಗಬೇಕಮ್ಮಾ ಅಂತ ಅಧಿಕಾರಿ ಕೇಳಿದರು. "ಎಲ್ಲಾದ್ರೂ ಆಗ್ಲಿ ಸಾರ್. ಒಳಗಿಂದ ಹಾಕ್ಕೊಳೋ ಚಿಲಕ ಇರ್ಲಿ. ಏಳು ತಿಂಗ್ಳಿಂದ ಒಂದು ಕಣ್ಣು ಬಿಟ್ಕೊಂಡೇ ಮಲಗ್ತಿದ್ದೀನಿ" ಅಂದು ಕೂತಳು. ಜಾಗ ಎಲ್ಲಿ ಅಂತ ಒಂದು ವಾರದಿಂದ ಬಾಯಿ ಬಡಿದುಕೊಂಡಿದ್ದೆವು ಅಜ್ಜಾ, ಒಳಗೆ ಏನಿರಬೇಕು ಅಂತ ಒಬ್ಬರೂ ಕೇಳಿರಲಿಲ್ಲ. ಡಬಲ್ ಗೆರೆ ತಲೆ ತಗ್ಗಿಸಿಕೊಂಡು ತಮ್ಮ ಪ್ಯಾಂಟಿನ ಗೆರೆ ನೋಡುತ್ತಾ ಕೂತರು. ಆಮೇಲೆ ಚಿಲಕ ನಾನು ಹಾಕಿಸ್ತೀನಿ ಅಂತ ಮೊದಲು ಹೇಳಿದ್ದೂ ಅವರೇ, ಪಾಪ.

ಶುಕ್ರವಾರ ಅಪ್ಪನ ಜೊತೆ ಹೋಗಿ ನಿನ್ನ ಶಟರ್ ಎತ್ತಿಸಿದೆ. ನೀನು ಬಿದ್ದು ಅತ್ತೆ ಮನೆಗೆ ಹೋದಾಗಿಂದ ಎಂಟು ತಿಂಗಳು ಮುಚ್ಚಿದ್ದರೂ ಒಳಗೆ ಇನ್ನೂ ಗಂಜಿಯ ವಾಸನೆ ಇದೆ. ಟೇಬಲ್ ಮೇಲಿನ ಕಂಬಳಿಯಲ್ಲಿ ಇಸ್ತ್ರಿಪೆಟ್ಟಿಗೆ ಸುಟ್ಟ ಆ ಮೂರು ಗುರುತು ಹಾಗೇ ಇವೆ, ಅದರಲ್ಲಿ ಒಂದು ನಂದು. ಯಾರೂ ಒಯ್ಯದೆ ಬಿಟ್ಟ ಬಟ್ಟೆಗಳ ಕಪಾಟು ತೆಗೆದು ನೋಡಿದೆ, ಒಂದಕ್ಕೂ ಹುಳ ಬಿದ್ದಿಲ್ಲ. ಟೇಬಲ್ ಎರಡೂ ಹೊರಗಿಟ್ಟರೆ ಹನ್ನೊಂದು ಮಂಚ ಹಿಡಿಸುತ್ತೆ ಅಂತ ಅಪ್ಪ ಹೆಜ್ಜೆ ಅಳೆದು ಹೇಳಿದ. ಹಿಂದಿನ ನಲ್ಲಿ, ಬಟ್ಟೆ ಒಗೆಯುವ ಕಲ್ಲು, ನೀರು ಹೋಗುವ ಮೋರಿ ಎಲ್ಲ ಸರಿಯಾಗಿವೆ. ಅಷ್ಟರಲ್ಲಿ ಆ ಅಕ್ಕ ಕೆಲಸ ಮುಗಿಸಿಕೊಂಡು ಆ ದಾರಿಯಲ್ಲೇ ಬಂದಳು. ಬನ್ನಿ ಅಕ್ಕ, ಒಳಗೆ ನೋಡಿ ಅಂದೆ. ಹೊಸಿಲ ಹತ್ತಿರ ನಿಂತುಕೊಂಡು, "ಯಜಮಾನ್ರು ಹೂಂ ಅಂದಿದಾರಾ" ಅಂತ ಕೇಳಿದಳು. ಇನ್ನೂ ಇಲ್ಲ ಅಂದೆ. "ಹಂಗಾದ್ರೆ ಅವ್ರು ಅಂದ್ಮೇಲೆ ಬರ್ತೀನಿ. ಒಳಗೆ ಬಂದು ನೋಡ್ಬಿಟ್ರೆ ಆಸೆ ಆಗುತ್ತೆ" ಅಂದು ಹೋಗಿಬಿಟ್ಟಳು. ಅರವತ್ತೊಂದು ಜನ ಓಟು ಹಾಕಿದರೂ ನಿನ್ನನ್ನು ಕೇಳಬೇಕು ಅಂತ ಅನ್ನಿಸಿದ್ದು ಅವಳೊಬ್ಬಳಿಗೇ.

ಅದಕ್ಕೇ ಈಗ ಕೇಳ್ತಿದ್ದೀನಿ. ಕೊಡಲೇಬೇಕು ಅಂತ ಏನಿಲ್ಲ. ಅದು ನೀನು ನಲವತ್ತು ವರ್ಷ ನಿಂತ ಜಾಗ. ಬೇಡ ಅನ್ನಿಸಿದರೆ "ಬೇಡ" ಅಂತ ಒಂದೇ ಮಾತು ಬರಿ, ಸಾಕು, ಹದಿನೈದರೊಳಗೆ ಸಿಗೋ ಹಾಗೆ ಅತ್ತೆ ಅದರ ಫೋಟೋ ತೆಗೆದು ಕಳಿಸ್ತಾಳೆ. ಯಾರಿಗೂ ನಿನ್ನ ಹೆಸರು ಹೇಳಲ್ಲ, ಅಡ್ಮಿನ್ನೇ ಒಪ್ಪಲಿಲ್ಲ ಅಂತ ಗುಂಪಿನಲ್ಲಿ ಹಾಕಿಬಿಡ್ತೀನಿ. ಬೈಸಿಕೊಂಡು ನನಗೆ ಅಭ್ಯಾಸ ಇದೆ.

ಅತ್ತೆಗೆ, ಮಾವನಿಗೆ ನನ್ನ ನೆನಪು ಹೇಳು. ಮಾತ್ರೆ ದಿಂಬಿನ ಕೆಳಗೆ ಬಚ್ಚಿಡಬೇಡ. ಅಮ್ಮ ಅಪ್ಪ ಇಬ್ಬರೂ ನಮಸ್ಕಾರ ಹೇಳಿದ್ದಾರೆ. ನಾನು ಕಾಲಿಗೆ ಬಿದ್ದೆ ಅಂದುಕೋ, ಅಲ್ಲಿಂದಲೇ ತಲೆ ಮೇಲೆ ಕೈಯಿಟ್ಟೆ ಅಂತ ನಾನು ಅಂದುಕೊಳ್ತೀನಿ.

ನಿನ್ನ ಬಾಯಿಬಡುಕಿ ಮೊಮ್ಮಗಳು

ಮತ್ತೆ: ಕವರ್ ಅಂಟಿಸಿ ಪೋಸ್ಟ್ ಡಬ್ಬದವರೆಗೆ ಬಂದವಳು ಮತ್ತೆ ಹರಿದು ಬರೀತಿದ್ದೀನಿ. ಅಜ್ಜಾ, ಮುಂದಿನ ತಿಂಗಳು ಅಂಗಡಿ ತೆಗೀಬಹುದು ಅಂತ ಎಲ್ಲರೂ ನಿನಗೆ ಹೇಳ್ತಿದ್ದಾರಲ್ಲ, ಅದು ನಿಜ ಅಲ್ಲ. ಸಭೆ ಮುಗಿದ ರಾತ್ರಿ ಅಮ್ಮನನ್ನು ಬಿಡದೆ ಕೇಳಿದೆ. ನೀನು ನಡೀತೀಯ, ಮನೆಗೆ ಬರ್ತೀಯ, ಆದರೆ ಗಂಟೆಗಟ್ಟಲೆ ನಿಂತು ಇಸ್ತ್ರಿ ಮಾಡೋದು ಇನ್ನು ಆಗಲ್ಲ ಅಂತ ಡಾಕ್ಟರ್ ಎರಡು ತಿಂಗಳ ಹಿಂದೆಯೇ ಹೇಳಿದ್ದಾರಂತೆ. ನೀನು ಕುಗ್ಗಿಹೋಗ್ತೀಯ ಅಂತ ಯಾರೂ ನಿನಗೆ ಹೇಳಿಲ್ಲ. ಅತ್ತೆ ನನ್ನನ್ನು ಕೊಂದುಹಾಕ್ತಾಳೆ, ಪರವಾಗಿಲ್ಲ. ಇದನ್ನು ಮುಚ್ಚಿಟ್ಟು ನಿನ್ನ ಅಂಗಡಿ ಕೇಳಿದರೆ ನಿದ್ದೆಯಲ್ಲಿದ್ದವರ ಜೇಬಿಗೆ ಕೈ ಹಾಕಿದ ಹಾಗೆ. ಇವತ್ತು ಅತ್ತುಬಿಡು. ನಾಳೆ ಬೈ. ನಾಡಿದ್ದು ಉತ್ತರ ಬರಿ, ಹೂಂ ಅಂತಲೋ ಊಹೂಂ ಅಂತಲೋ, ಎಲ್ಲ ತಿಳಿದುಕೊಂಡೇ ಬರಿ.